ಹೆಪಟೈಟಿಸ್ ಬಿ: ಪಾಸಿಟಿವ್ ಬಂದವರು ತಟ್ಟೆ ಬೇರೆ ಇಡಬೇಕೇ?

ಪ್ರಶ್ನೆ: ನನಗೆ 36 ವರ್ಷ. ಮದುವೆಯಾಗಿ ಏಳು ವರ್ಷವಾಗಿದೆ, ನಾಲ್ಕು ವರ್ಷದ ಮಗಳಿದ್ದಾಳೆ. ಎಂಟು ತಿಂಗಳ ಹಿಂದೆ ರಕ್ತದಾನ ಮಾಡಿದ್ದೆ. ನಿಮ್ಮ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ ಎಂದು ರಕ್ತನಿಧಿಯವರು ಫೋನ್ ಮಾಡಿ ತಿಳಿಸಿದರು. ನನಗೆ ಯಾವ ತೊಂದರೆಯೂ ಇಲ್ಲ, ಕಾಮಾಲೆ ಎಂದೂ ಆಗಿಲ್ಲ. ಕಳೆದ ವಾರ ಮತ್ತೆ ಪರೀಕ್ಷೆ ಮಾಡಿಸಿದೆ. ಎಚ್‌ಬಿಎಸ್‌ಎಜಿ ಪಾಸಿಟಿವ್, ಇ ಆಂಟಿಜೆನ್ ನೆಗೆಟಿವ್, ಕೋರ್ ಐಜಿಎಂ ನೆಗೆಟಿವ್, ಎಚ್‌ಬಿವಿ ಡಿಎನ್‌ಎ 6,800, ಎಎಲ್‌ಟಿ 52, ಎಎಸ್‌ಟಿ 44, ಪ್ಲೇಟ್‌ಲೆಟ್ 1.9 ಲಕ್ಷ. ಸ್ಕ್ಯಾನಿಂಗ್‌ನಲ್ಲಿ ಸ್ವಲ್ಪ ಕೊಬ್ಬಿದೆ, ಉಳಿದಂತೆ ಲಿವರ್ ಸರಿಯಿದೆ ಎಂದಿದ್ದಾರೆ. ಒಬ್ಬ ವೈದ್ಯರು ‘ನೀವು ಬರೀ ಕ್ಯಾರಿಯರ್, ಏನೂ ಬೇಡ’ ಎಂದರು. ಇನ್ನೊಬ್ಬರು ಇವತ್ತಿನಿಂದಲೇ ಮಾತ್ರೆ, ಅದೂ ಜೀವನಪೂರ್ತಿ ಎಂದರು. ಸಂಬಂಧಿಕರೊಬ್ಬರು ಮೂರು ತಿಂಗಳಲ್ಲಿ ನೆಗೆಟಿವ್ ಮಾಡುತ್ತದೆ ಎಂದು ಒಂದು ಪುಡಿ ತಂದುಕೊಟ್ಟಿದ್ದಾರೆ. ಇದು ಎಲ್ಲಿಂದ ಬಂತು ಎಂದು ಹೆಂಡತಿ ಬಾಯಿಬಿಟ್ಟು ಕೇಳಿಲ್ಲ, ಆದರೆ ಆ ಪ್ರಶ್ನೆ ಅವಳ ಮುಖದಲ್ಲಿದೆ. ಅಂದಿನಿಂದ ನನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದೇನೆ, ಬೇರೆ ಕೋಣೆಯಲ್ಲಿ ಮಲಗುತ್ತೇನೆ, ಮಗಳಿಗೆ ಮುತ್ತು ಕೊಟ್ಟಿಲ್ಲ. ನಮ್ಮ ತಾಯಿ 52ನೇ ವಯಸ್ಸಿನಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡರು. ಅವರು ಮದ್ಯ ಮುಟ್ಟಿದವರೇ ಅಲ್ಲ. ಒಬ್ಬಳು ಅಕ್ಕ ಇದ್ದಾಳೆ, ಆರೋಗ್ಯವಾಗಿದ್ದಾಳೆ. ನಾನು ಯಾರ ಮಾತು ಕೇಳಲಿ?

ಉತ್ತರ: ಮಾತ್ರೆಯ ವಿಷಯಕ್ಕೆ ಆಮೇಲೆ ಬರೋಣ. ಎಂಟು ತಿಂಗಳಿನಿಂದ ಮಗಳಿಗೆ ಮುತ್ತು ಕೊಟ್ಟಿಲ್ಲ ಎಂದು ಬರೆದಿದ್ದೀರಿ. ಇವತ್ತು ಮನೆಗೆ ಹೋದ ಕೂಡಲೇ ಅವಳನ್ನು ಎತ್ತಿಕೊಳ್ಳಿ, ಮುತ್ತು ಕೊಡಿ. ಬೇರೆ ಇಟ್ಟ ತಟ್ಟೆಯನ್ನು ಉಳಿದ ತಟ್ಟೆಗಳ ಜೊತೆ ಸೇರಿಸಿ. ಹೆಪಟೈಟಿಸ್ ಬಿ ವೈರಾಣು ಎಂಜಲು ತಟ್ಟೆಯಿಂದಾಗಲಿ, ಒಂದೇ ಲೋಟದಿಂದಾಗಲಿ, ಹಾಸಿಗೆ, ಶೌಚಾಲಯ, ಅಪ್ಪುಗೆ, ಕೆಮ್ಮು, ಸೀನುಗಳಿಂದಾಗಲಿ ಹರಡುವುದಿಲ್ಲ.

ಈ ಭಯ ಎಲ್ಲಿಂದ ಹುಟ್ಟಿತು ಎಂಬುದು ನನಗೆ ಅರ್ಥವಾಗುತ್ತದೆ. ಹೆಪಟೈಟಿಸ್ ಎಂದರೆ ಯಕೃತ್ತಿನ ಉರಿಯೂತ, ಅಷ್ಟೇ. ಎ ಮತ್ತು ಇ ಎಂಬ ವೈರಾಣುಗಳು ಕಲುಷಿತ ನೀರು, ಆಹಾರದಿಂದ ಬರುತ್ತವೆ. ಬಿ ಎಂಬುದು ಬೇರೆಯೇ ಕುಟುಂಬದ ವೈರಾಣು. ಹೆಸರು ಒಂದೇ ಆದ್ದರಿಂದ ಎ ವೈರಾಣುವಿನ ಎಚ್ಚರಿಕೆಗಳೆಲ್ಲ ಬಿ ರೋಗಿಯ ತಟ್ಟೆಗೆ ಬಂದು ಅಂಟಿಕೊಂಡಿವೆ. ಬಿ ಹರಡುವುದು ರಕ್ತದ ಮೂಲಕ, ಲೈಂಗಿಕ ಸಂಪರ್ಕದ ಮೂಲಕ ಮತ್ತು ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ. ಮನೆಯಲ್ಲಿ ನಿಮ್ಮದೇ ಆಗಿ ಬೇರೆ ಇರಬೇಕಾದದ್ದು ಶೇವಿಂಗ್ ರೇಜರ್, ಹಲ್ಲುಜ್ಜುವ ಬ್ರಷ್ ಮತ್ತು ಉಗುರು ಕತ್ತರಿಸುವ ಸಾಧನ. ಗಾಯವಾದರೆ ಪಟ್ಟಿ ಕಟ್ಟಿಕೊಳ್ಳಿ. ನೆಲಕ್ಕೆ ರಕ್ತ ಬಿದ್ದರೆ ಬರೀ ನೀರಿನಿಂದ ಒರೆಸದೆ ಬ್ಲೀಚ್ ಹಾಕಿ ಸ್ವಚ್ಛಗೊಳಿಸಿ, ಏಕೆಂದರೆ ಒಣಗಿದ ರಕ್ತದಲ್ಲೂ ಈ ವೈರಾಣು ಕನಿಷ್ಠ ಏಳು ದಿನ ಸೋಂಕು ತಗುಲಿಸುವ ಶಕ್ತಿ ಉಳಿಸಿಕೊಳ್ಳುತ್ತದೆ. ಮಗಳು ನಿಮ್ಮ ರೇಜರ್ ಮುಟ್ಟದಂತೆ ಎತ್ತರದಲ್ಲಿ ಇಡಿ. ಇದಕ್ಕಿಂತ ಹೆಚ್ಚಿನ ಮಡಿ ಬೇಕಿಲ್ಲ.

ಇನ್ನು ನಿಮ್ಮ ಹೆಂಡತಿಯ ಮುಖದಲ್ಲಿರುವ ಪ್ರಶ್ನೆ. ಈ ಸೋಂಕು ದೇಹದಲ್ಲಿ ಉಳಿದುಬಿಡುತ್ತದೆಯೇ, ತಾನಾಗಿಯೇ ಹೋಗುತ್ತದೆಯೇ ಎಂಬುದು ಬಹುಮಟ್ಟಿಗೆ ತಗುಲಿದ ವಯಸ್ಸನ್ನು ಅವಲಂಬಿಸಿದೆ. ವಯಸ್ಕರಿಗೆ ತಗುಲಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿ ಕೆಲವು ತಿಂಗಳಲ್ಲಿ ಅದನ್ನು ತಾವೇ ಹೊರಹಾಕುತ್ತಾರೆ. ಹುಟ್ಟುವಾಗ ತಾಯಿಯಿಂದ ತಗುಲಿದರೆ ಲೆಕ್ಕ ತಿರುಗಿಬೀಳುತ್ತದೆ: ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳಲ್ಲಿ ಅದು ದೀರ್ಘಕಾಲ ನೆಲೆ ನಿಲ್ಲುತ್ತದೆ. ಆಗಿನ್ನೂ ಪಕ್ವವಾಗದ ರೋಗನಿರೋಧಕ ವ್ಯವಸ್ಥೆ ಈ ವೈರಾಣುವನ್ನು ಹೊರಗಿನದೆಂದು ಗುರುತಿಸುವುದಿಲ್ಲ. ದಶಕಗಳ ಕಾಲ ಎರಡೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಇರುತ್ತವೆ. ಕಾಮಾಲೆಯೂ ಇಲ್ಲ, ಸುಸ್ತೂ ಇಲ್ಲ.

ನಿಮ್ಮ ವರದಿಯಲ್ಲಿ ಕೋರ್ ಐಜಿಎಂ, ಅಂದರೆ ಹೊಸ ಸೋಂಕಿನಲ್ಲಿ ಕಾಣುವ ಪ್ರತಿಕಾಯ, ನೆಗೆಟಿವ್ ಇದೆ, ಹಾಗಾಗಿ ಇದು ಇತ್ತೀಚಿನ ಸೋಂಕಿನಂತೆ ಕಾಣುವುದಿಲ್ಲ. ವೈರಾಣು ಜೋರಾಗಿ ಹೆಚ್ಚುವಾಗ ರಕ್ತಕ್ಕೆ ಬರುವ ಪ್ರೋಟೀನಾದ ಇ ಆಂಟಿಜೆನ್ ನೆಗೆಟಿವ್ ಆಗಿದ್ದೂ ಡಿಎನ್‌ಎ, ಅಂದರೆ ರಕ್ತದಲ್ಲಿರುವ ವೈರಾಣುವಿನ ಪ್ರಮಾಣ, ಸಾವಿರಗಳಲ್ಲಿದೆ. ಇದು ಸಾಮಾನ್ಯವಾಗಿ ಬಹಳ ವರ್ಷಗಳ ಸೋಂಕಿನ ಚಿತ್ರ. ಮದ್ಯ ಮುಟ್ಟದ ತಾಯಿ 52ಕ್ಕೆ ಜಲೋದರದಿಂದ ತೀರಿಕೊಂಡಿದ್ದಾರೆ; ಹೊಟ್ಟೆಯಲ್ಲಿ ಹಾಗೆ ನೀರು ತುಂಬುವುದು ಹೆಚ್ಚಾಗಿ ಯಕೃತ್ತು ಹಾಳಾದ ಗುರುತು. ಇವನ್ನು ಜೋಡಿಸಿದರೆ ಸೋಂಕು ಹುಟ್ಟಿನಲ್ಲೋ ಎಳವೆಯಲ್ಲೋ ಬಂದಿರುವ ಸಾಧ್ಯತೆಯೇ ಅತ್ಯಂತ ಹೆಚ್ಚು. ಯಾವ ಪರೀಕ್ಷೆಯೂ ಅದನ್ನು ದಿನಾಂಕ ಸಮೇತ ಸಾಬೀತುಪಡಿಸದು. ಆದರೆ ಮುಂದಿನ ಭೇಟಿಗೆ ಹೆಂಡತಿಯನ್ನೂ ಕರೆದುಕೊಂಡು ಹೋಗಿ, ಈ ಮಾತನ್ನು ವೈದ್ಯರ ಬಾಯಿಂದಲೇ ಅವರು ಕೇಳಲಿ. ನನ್ನ ಕೋಣೆಯಲ್ಲಿ ಎಷ್ಟೋ ದಂಪತಿಗಳು ಕುರ್ಚಿಗಳ ನಡುವೆ ಅಂತರ ಬಿಟ್ಟುಕೊಂಡು ಕುಳಿತದ್ದನ್ನು ಕಂಡಿದ್ದೇನೆ. ಈ ಒಂದು ವಿವರಣೆ ಕೇಳಿದ ಮೇಲೆ ಅಳು ಬರುವುದು ಹೆಚ್ಚಾಗಿ ಗಂಡನಿಗೆ.

ತಾಯಿಯ ಮೇಲೂ ಬೇಸರ ಬೇಡ. ಈ ವೈರಾಣುವಿನ ಹೊರಕವಚದ ಪ್ರೋಟೀನನ್ನು ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಅವರ ತಂಡ ವರದಿ ಮಾಡಿದ್ದೇ 1965ರಲ್ಲಿ. ಎಲ್ಲ ದೇಶಗಳೂ ಶಿಶುಗಳ ಲಸಿಕೆ ಪಟ್ಟಿಗೆ ಇದನ್ನು ಸೇರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 1992ರಲ್ಲಿ, ನೀವು ಹುಟ್ಟಿದ ಮೇಲೆ. ತಮಗೆ ಏನಾಗಿದೆ ಎಂಬುದು ಅವರಿಗೆ ಕೊನೆಯವರೆಗೂ ತಿಳಿದಿರಲಿಕ್ಕಿಲ್ಲ. 2022ರ ಲೆಕ್ಕದಲ್ಲಿ ಜಗತ್ತಿನಾದ್ಯಂತ ಸುಮಾರು 25.4 ಕೋಟಿ ಜನರಲ್ಲಿ ಈ ದೀರ್ಘಕಾಲದ ಸೋಂಕಿತ್ತು, ಅದು ಪತ್ತೆಯಾಗಿದ್ದವರು ನೂರಕ್ಕೆ ಹದಿಮೂರು ಮಂದಿ ಮಾತ್ರ.

ಈಗ ನಿಮ್ಮ ವರದಿಯನ್ನು ಮುಂದಿಟ್ಟುಕೊಳ್ಳೋಣ. ಎಚ್‌ಬಿಎಸ್‌ಎಜಿ ಎಂದರೆ ಮೇಲೆ ಹೇಳಿದ ಹೊರಕವಚದ ಪ್ರೋಟೀನೇ; ಅದು ಪಾಸಿಟಿವ್ ಎಂಬುದು ವೈರಾಣು ಒಳಗಿದೆ ಎಂದಷ್ಟೇ ಹೇಳುತ್ತದೆ. ಆರು ತಿಂಗಳು ದಾಟಿಯೂ ಹಾಗೆಯೇ ಇದ್ದರೆ ದೀರ್ಘಕಾಲದ ಸೋಂಕು ಎನ್ನುತ್ತೇವೆ. ನಿಮ್ಮದು ಎಂಟು ತಿಂಗಳು ದಾಟಿದೆ, ಅಲ್ಲಿ ಅನುಮಾನವಿಲ್ಲ. ಒಳಗಿರುವ ವೈರಾಣು ಏನು ಮಾಡುತ್ತಿದೆ ಎಂಬುದು ಬೇರೆ ಪ್ರಶ್ನೆ. ಅದನ್ನು ಒಮ್ಮೆ ಕೇಳಿ ಬಿಡುವಂತಿಲ್ಲ, ಬದುಕಿನುದ್ದಕ್ಕೂ ಕೇಳುತ್ತಲೇ ಇರಬೇಕು.

ಬಹಳ ಜನ ತಿಳಿದಿರದ ಸಂಗತಿಯೊಂದಿದೆ. ಯಕೃತ್ತಿನ ಕೋಶಗಳನ್ನು ಕೊಲ್ಲುವುದು ಮುಖ್ಯವಾಗಿ ಈ ವೈರಾಣು ಅಲ್ಲ. ಅದನ್ನು ಹುಡುಕಿಕೊಂಡು ಬರುವ ನಮ್ಮದೇ ರಕ್ಷಣಾ ಕೋಶಗಳು ಸೋಂಕಿತ ಕೋಶಗಳನ್ನು ನಾಶಮಾಡುತ್ತವೆ. ಹಾಗೆ ಸತ್ತ ಕೋಶಗಳಿಂದ ರಕ್ತಕ್ಕೆ ಸೋರುವ ಕಿಣ್ವವೇ ಎಎಲ್‌ಟಿ. ಆದ್ದರಿಂದ ಇಪ್ಪತ್ತರ ಯುವಕನಲ್ಲಿ ಡಿಎನ್‌ಎ ಕೋಟಿಗಳಲ್ಲಿದ್ದೂ ಯಕೃತ್ತು ಶಾಂತವಾಗಿರಬಹುದು, ನಲವತ್ತರವನಲ್ಲಿ ಕೆಲವು ಸಾವಿರವಿದ್ದೂ ಅದು ಒಳಗೊಳಗೇ ನಾರುಗಟ್ಟುತ್ತಿರಬಹುದು, ಅಂದರೆ ಗಾಯದ ಕಲೆಯಂತೆ ಗಟ್ಟಿಯಾಗುತ್ತಿರಬಹುದು. ಒಬ್ಬರಲ್ಲೇ ಶಾಂತ ಹಂತ ಕದನದ ಹಂತಕ್ಕೆ ತಿರುಗಬಹುದು, ಮತ್ತೆ ಶಾಂತವಾಗಬಹುದು. ‘ಆರೋಗ್ಯವಂತ ವಾಹಕ’ (ಕ್ಯಾರಿಯರ್) ಎಂಬ ಹಳೆಯ ಮಾತನ್ನು ತಜ್ಞರು ಕೈಬಿಟ್ಟಿದ್ದು ಇದೇ ಕಾರಣಕ್ಕೆ. ಆ ಮಾತು ಕೇಳಿದವರು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ, ಹತ್ತು ವರ್ಷ ಪರೀಕ್ಷೆಗೆ ಬರುವುದಿಲ್ಲ. ಬಂದಾಗ ಕಾಲು ಊದಿರುತ್ತದೆ.

ನಿಮ್ಮ ಎಎಲ್‌ಟಿ 52. ವರದಿಯ ಬಲಬದಿಯ ಅಂಕಣದಲ್ಲಿ ಸಾಮಾನ್ಯ ಮಿತಿ ಎಂದು 55ರವರೆಗೆ ಮುದ್ರಿಸಿರಬೇಕು, ಹಾಗಾಗಿ ನಿಮ್ಮ ಅಂಕಿಯ ಪಕ್ಕ ನಕ್ಷತ್ರವಾಗಲಿ ದಪ್ಪಕ್ಷರವಾಗಲಿ ಬಂದಿರುವುದಿಲ್ಲ. ಮೊದಲ ವೈದ್ಯರ ಕಣ್ಣು ಬಹುಶಃ ಅಲ್ಲಿ ನಿಲ್ಲಲಿಲ್ಲ. ಆದರೆ ಹೆಪಟೈಟಿಸ್ ಬಿ ಇರುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುವ ಮೇಲ್ಮಿತಿ ಗಂಡಸರಿಗೆ 30, ಹೆಂಗಸರಿಗೆ 19. ಆ ಅಳತೆಯಲ್ಲಿ ನಿಮ್ಮದು ಹೆಚ್ಚೇ. ಡಿಎನ್‌ಎ 2,000 ದಾಟಿ, ಎಎಲ್‌ಟಿಯೂ ಮಿತಿ ಮೀರಿದ್ದರೆ ಚಿಕಿತ್ಸೆ ಕೊಡಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಡಿಎನ್‌ಎ 6,800.

ಇನ್ನೊಂದು ಸಣ್ಣ ಲೆಕ್ಕವನ್ನು ಕಾಗದದ ಮೇಲೆ ನೀವೇ ಮಾಡಬಹುದು. ಎಎಸ್‌ಟಿಯನ್ನು (ಅದೂ ಎಎಲ್‌ಟಿಯಂಥ ಕಿಣ್ವವೇ) ಅದರ ಮೇಲ್ಮಿತಿಯಿಂದ ಭಾಗಿಸಿ: 44ನ್ನು 40ರಿಂದ ಭಾಗಿಸಿದರೆ 1.1. ಅದನ್ನು ನೂರರಿಂದ ಗುಣಿಸಿ, ಪ್ಲೇಟ್‌ಲೆಟ್ ಎಷ್ಟು ಸಾವಿರವೋ ಅದರಿಂದ ಭಾಗಿಸಿ. 110ನ್ನು 190ರಿಂದ ಭಾಗಿಸಿದರೆ 0.58. ಇದಕ್ಕೆ ಎಪಿಆರ್‌ಐ ಸೂಚ್ಯಂಕ ಎನ್ನುತ್ತಾರೆ. 0.5 ದಾಟಿದರೆ ನಾರುಗಟ್ಟುವಿಕೆ ಇರಬಹುದೆಂದು ಸಂಶಯಪಡಬೇಕು. ಇದು ಒರಟು ಅಳತೆ, ಇದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ. ಆದರೆ ‘ಏನೂ ಬೇಡ’ ಎಂಬ ಮಾತಿಗೆ ಇದು ಬೆಂಬಲ ಕೊಡುವುದಿಲ್ಲ.

ಒಂದು ತೊಡಕೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಯಕೃತ್ತಿನಲ್ಲಿರುವ ಕೊಬ್ಬು ಕೂಡ ಎಎಲ್‌ಟಿಯನ್ನು ಏರಿಸುತ್ತದೆ. ನಿಮ್ಮ 52ರಲ್ಲಿ ವೈರಾಣುವಿನ ಪಾಲೆಷ್ಟು, ಕೊಬ್ಬಿನ ಪಾಲೆಷ್ಟು ಎಂದು ರಕ್ತಪರೀಕ್ಷೆ ಬಿಡಿಸಿ ಹೇಳದು. ಅದಕ್ಕೇ ನಾನು ಎಲಾಸ್ಟೋಗ್ರಫಿ ಮಾಡಿಸಿ ಎನ್ನುತ್ತೇನೆ. ಬಹಳ ಕಡೆ ಇದಕ್ಕೆ ಫೈಬ್ರೋಸ್ಕ್ಯಾನ್ ಎಂದೇ ಹೆಸರು. ಕೆಲವು ತಾಸು ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಕು. ಅಂಗಾತ ಮಲಗಿಸಿ, ಬಲಗೈಯನ್ನು ತಲೆಯ ಹಿಂದಕ್ಕೆ ಇರಿಸಿ, ಪಕ್ಕೆಲುಬುಗಳ ನಡುವೆ ತಣ್ಣನೆಯ ಜೆಲ್ ಹಚ್ಚುತ್ತಾರೆ. ಚರ್ಮದ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದಂತೆ ಹತ್ತಾರು ಬಾರಿ ಆಗುತ್ತದೆ, ಅಷ್ಟೇ. ಆ ತಟ್ಟುವಿಕೆಯ ಅಲೆ ಯಕೃತ್ತಿನಲ್ಲಿ ಎಷ್ಟು ವೇಗವಾಗಿ ಸಾಗಿತು ಎಂದು ಯಂತ್ರ ಅಳೆಯುತ್ತದೆ. ಗಟ್ಟಿಯಾದ ಯಕೃತ್ತಿನಲ್ಲಿ ಅಲೆಯ ವೇಗ ಹೆಚ್ಚು. ಫಲಿತಾಂಶ ಕಿಲೋಪ್ಯಾಸ್ಕಲ್‌ನಲ್ಲಿ ಬರುತ್ತದೆ. 7 ದಾಟಿದರೆ ಗಣನೀಯ ನಾರುಗಟ್ಟುವಿಕೆ, 12.5 ದಾಟಿದರೆ ಸಿರೋಸಿಸ್, ಅಂದರೆ ಯಕೃತ್ತು ತುಂಬ ನಾರುಗಟ್ಟಿ ಗಂಟುಗಂಟಾದ ಸ್ಥಿತಿ, ಇರುವ ಸಾಧ್ಯತೆ. ಅದೇ ಯಂತ್ರ ಕೊಬ್ಬಿನ ಪ್ರಮಾಣವನ್ನೂ ಅಂದಾಜು ಮಾಡುತ್ತದೆ. ನಿಮಗೆ ಎರಡೂ ಬೇಕು.

ಪುಡಿಯ ಬಗ್ಗೆ ಈಗ ಹೇಳುತ್ತೇನೆ, ಏಕೆಂದರೆ ಡಬ್ಬಿ ಈಗಾಗಲೇ ನಿಮ್ಮ ಮನೆಯಲ್ಲಿದೆ. ದಯವಿಟ್ಟು ತೆಗೆದುಕೊಳ್ಳಬೇಡಿ. ತಂದುಕೊಟ್ಟವರು ಸುಳ್ಳು ಹೇಳುತ್ತಿಲ್ಲ, ತಾವು ಕಂಡದ್ದನ್ನೇ ಹೇಳುತ್ತಿದ್ದಾರೆ. ದೊಡ್ಡವರಾದ ಮೇಲೆ ಹೊಸದಾಗಿ ಸೋಂಕು ತಗುಲಿ ಕಾಮಾಲೆಯಾದವರಲ್ಲಿ ನೂರಕ್ಕೆ ತೊಂಬತ್ತೈದು ಮಂದಿ ಏನೂ ತೆಗೆದುಕೊಳ್ಳದಿದ್ದರೂ ನೆಗೆಟಿವ್ ಆಗುತ್ತಾರೆ ಎಂದೆನಲ್ಲ, ಅವರು ಆ ಮೂರು ತಿಂಗಳು ಪುಡಿ ತಿಂದಿದ್ದರೆ ಕೀರ್ತಿ ಪುಡಿಗೆ ಹೋಗುತ್ತದೆ. ನಿಮ್ಮಂತೆ ಎಳವೆಯಿಂದ ಸೋಂಕು ಇರುವವರ ಕಥೆಯೇ ಬೇರೆ. ಇವರಲ್ಲಿ ಎಚ್‌ಬಿಎಸ್‌ಎಜಿ ತಾನಾಗಿ ಹೋಗುವುದು ವರ್ಷಕ್ಕೆ ನೂರರಲ್ಲಿ ಸುಮಾರು ಒಬ್ಬರಿಗೆ. ಏನೇನು ಸೇರಿದೆ ಎಂದು ತಿಳಿಯದ ಪುಡಿಯನ್ನು ಸಂಸ್ಕರಿಸಬೇಕಾದ್ದೂ ಅದೇ ಯಕೃತ್ತು. ಕೆಲವು ಬೇರು ಎಲೆಗಳೇ ಯಕೃತ್ತಿಗೆ ವಿಷ, ಕೆಲವು ತಯಾರಿಕೆಗಳಲ್ಲಿ ಸೀಸ, ಪಾದರಸ ಸಿಕ್ಕಿದ್ದೂ ಉಂಟು. ಪುಡಿ ನಿಲ್ಲಿಸಿದ ಮೇಲೆ ಇಳಿದ ಕಾಮಾಲೆಗಳನ್ನು ನಾನು ಕಂಡಿದ್ದೇನೆ. ನಿಲ್ಲಿಸಿದರೂ ಇಳಿಯದ ಕಾಮಾಲೆಗಳನ್ನೂ ಕಂಡಿದ್ದೇನೆ.

ನಿಮ್ಮ ಮುಂದೆ ನಿಜವಾಗಿ ಇರುವ ದಾರಿಗಳು ಮೂರು. ಮೊದಲನೆಯದು, ಮೂರು ತಿಂಗಳಿಗೊಮ್ಮೆ ಎಎಲ್‌ಟಿ, ಡಿಎನ್‌ಎ ನೋಡುತ್ತಾ ಒಂದು ವರ್ಷ ಕಾಯುವುದು. ಎಲಾಸ್ಟೋಗ್ರಫಿ ಸಂಪೂರ್ಣ ಸರಿಯಾಗಿದ್ದು, ತೂಕ ಇಳಿಸಿದಾಗ ಎಎಲ್‌ಟಿಯೂ ಇಳಿದರೆ ಇದು ತಪ್ಪಲ್ಲ. ಅಪಾಯವೆಂದರೆ ಜನ ಕಾಯುತ್ತೇನೆ ಎಂದು ಹೇಳಿ ಮರೆಯುತ್ತಾರೆ. ಎರಡನೆಯದು ದಿನಕ್ಕೊಂದು ಮಾತ್ರೆ. ಮೂರನೆಯದು ವಾರಕ್ಕೊಂದರಂತೆ 48 ವಾರ ಪೆಗ್‌ಇಂಟರ್‌ಫೆರಾನ್ ಎಂಬ, ರೋಗನಿರೋಧಕ ವ್ಯವಸ್ಥೆಯನ್ನು ಪ್ರಚೋದಿಸುವ ಚುಚ್ಚುಮದ್ದು. ಅದಕ್ಕೊಂದು ಕೊನೆಯ ದಿನಾಂಕವಿದೆ ಎಂಬುದು ಅದರ ಆಕರ್ಷಣೆ. ಆದರೆ ಜ್ವರ, ಮೈಕೈ ನೋವು, ಖಿನ್ನತೆ, ರಕ್ತಕಣಗಳ ಇಳಿಕೆ ಬರುತ್ತವೆ. ಇ ಆಂಟಿಜೆನ್ ನೆಗೆಟಿವ್ ಇರುವವರಲ್ಲಿ ಅದರ ಫಲ ಬಹುಪಾಲು ನಿಲ್ಲುವುದಿಲ್ಲ. ನಿಮಗೆ ನಾನು ಅದನ್ನು ಸೂಚಿಸುವುದಿಲ್ಲ.

ನನ್ನ ಅಭಿಪ್ರಾಯ ಮಾತ್ರೆಯ ಕಡೆಗಿದೆ. ಡಿಎನ್‌ಎ, ಎಎಲ್‌ಟಿ ಎರಡೂ ಮಿತಿ ಮೀರಿವೆ, ಜೊತೆಗೆ ತಾಯಿಯ ಸಾವು ಇದೆ. ಮನೆಯಲ್ಲಿ ಯಾರಿಗಾದರೂ ಸಿರೋಸಿಸ್ ಅಥವಾ ಯಕೃತ್ತಿನ ಕ್ಯಾನ್ಸರ್ ಆಗಿದ್ದರೆ ಅದೇ ಚಿಕಿತ್ಸೆಗೆ ಒಂದು ಕಾರಣವಾಗುತ್ತದೆ. ಇವತ್ತೇ ಎಂಬ ಆತುರ ಬೇಡ. ಎಲಾಸ್ಟೋಗ್ರಫಿ ಮುಗಿಯಲಿ, ಎಚ್‌ಐವಿ, ಹೆಪಟೈಟಿಸ್ ಸಿ ಮತ್ತು ಡಿ ಪರೀಕ್ಷೆಗಳಾಗಲಿ. ಡಿ ಎಂಬ ವೈರಾಣು ಬಿ ಇರುವವರಲ್ಲಿ ಮಾತ್ರ ಬದುಕುತ್ತದೆ, ಇದ್ದರೆ ಕಾಯಿಲೆಯ ವೇಗ ಹೆಚ್ಚಿಸುತ್ತದೆ. ಎಚ್‌ಐವಿ ಇದ್ದು ಗೊತ್ತಿಲ್ಲದೆ ಈ ಮಾತ್ರೆಯೊಂದನ್ನೇ ಕೊಟ್ಟರೆ ಎಚ್‌ಐವಿ ಔಷಧಕ್ಕೆ ಬಗ್ಗದಂತಾಗಬಹುದು.

ಮಾತ್ರೆಗಳಲ್ಲಿ ಆಯ್ಕೆ ಮುಖ್ಯವಾಗಿ ಎಂಟೆಕಾವಿರ್ ಮತ್ತು ಟೆನೊಫೊವಿರ್ ನಡುವೆ. ಎಂಟೆಕಾವಿರ್ 0.5 ಮಿಲಿಗ್ರಾಂ ಅನ್ನು ಖಾಲಿ ಹೊಟ್ಟೆಯಲ್ಲಿ, ಊಟವಾಗಿ ಎರಡು ತಾಸಾದ ಮೇಲೆ, ಮುಂದಿನ ಊಟಕ್ಕೆ ಎರಡು ತಾಸು ಮೊದಲು ತೆಗೆದುಕೊಳ್ಳಬೇಕು. ಟೆನೊಫೊವಿರ್ 300 ಮಿಲಿಗ್ರಾಂ ಕೆಲವರಲ್ಲಿ ಮೂತ್ರಪಿಂಡಕ್ಕೂ ಮೂಳೆಗೂ ತೊಂದರೆ ಕೊಡಬಹುದಾದ್ದರಿಂದ ಕ್ರಿಯಾಟಿನಿನ್ ನೋಡುತ್ತಿರಬೇಕು. ಅದರದೇ ಹೊಸ ರೂಪ 25 ಮಿಲಿಗ್ರಾಂನದು, ಅದರಲ್ಲಿ ಆ ತೊಂದರೆ ಕಡಿಮೆ. ಲ್ಯಾಮಿವುಡಿನ್ ಎಂಬ ಹಳೆಯ ಔಷಧವನ್ನು ಯಾರಾದರೂ ಬರೆದುಕೊಟ್ಟರೆ ಒಪ್ಪಬೇಡಿ. ಐದು ವರ್ಷದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಜನರಲ್ಲಿ ವೈರಾಣು ಅದಕ್ಕೆ ಬಗ್ಗದಂತಾಗುತ್ತದೆ.

ಮಾತ್ರೆ ಏನು ಮಾಡುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಿ, ಎಡವುವುದು ಇಲ್ಲೇ. ಈ ವೈರಾಣು ಯಕೃತ್ತಿನ ಕೋಶದ ಕೇಂದ್ರದೊಳಗೆ ತನ್ನದೊಂದು ಉಂಗುರದಾಕಾರದ ಡಿಎನ್‌ಎಯನ್ನು ಬಚ್ಚಿಡುತ್ತದೆ. ಹೊಸ ಪ್ರತಿಗಳಿಗೆಲ್ಲ ಅದೇ ಮೂಲಪ್ರತಿ. ಮಾತ್ರೆ ಪ್ರತಿ ತೆಗೆಯುವ ಕೆಲಸವನ್ನು ತಡೆಯುತ್ತದೆ, ಮೂಲಪ್ರತಿಯನ್ನು ಅಳಿಸಲಾರದು. ಹಾಗಾಗಿ ಕೆಲವು ತಿಂಗಳಲ್ಲಿ ರಕ್ತದ ಡಿಎನ್‌ಎ ‘ಪತ್ತೆಯಾಗಿಲ್ಲ’ ಎಂದು ಬರುತ್ತದೆ, ಎಎಲ್‌ಟಿ ಇಳಿಯುತ್ತದೆ, ವರ್ಷಗಳು ಕಳೆದಂತೆ ನಾರುಗಟ್ಟಿದ್ದೂ ಕರಗತೊಡಗುತ್ತದೆ, ಕ್ಯಾನ್ಸರ್‌ನ ಅಪಾಯ ತಗ್ಗುತ್ತದೆ. ಎಚ್‌ಬಿಎಸ್‌ಎಜಿ ಮಾತ್ರ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಅದು ಸೋಲಲ್ಲ.

ನನ್ನ ರೋಗಿಯೊಬ್ಬರು ಎರಡು ವರ್ಷ ಮಾತ್ರೆ ತೆಗೆದುಕೊಂಡು, ‘ಪತ್ತೆಯಾಗಿಲ್ಲ’ ಎಂಬ ವರದಿಯನ್ನು ವಾಸಿಯಾದ ಪ್ರಮಾಣಪತ್ರ ಎಂದುಕೊಂಡು ನಿಲ್ಲಿಸಿದರು. ನಾಲ್ಕು ತಿಂಗಳ ಮೇಲೆ ಅವರ ಮಗ ಗಾಲಿಕುರ್ಚಿಯಲ್ಲಿ ಕರೆತಂದ. ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತ್ತು, ಇವತ್ತು ಯಾವ ವಾರ ಎಂದು ಕೇಳಿದರೆ ಹೇಳಲಾಗಲಿಲ್ಲ. ಎಎಲ್‌ಟಿ ಎರಡು ಸಾವಿರ ದಾಟಿತ್ತು. ಮೂರು ವಾರ ತೀವ್ರ ನಿಗಾ ಘಟಕದಲ್ಲಿದ್ದು ಬದುಕಿಕೊಂಡರು. ಎಲ್ಲರೂ ಬದುಕುವುದಿಲ್ಲ. ಮಾತ್ರೆ ಶುರು ಮಾಡುವ ಮೊದಲು ಯೋಚಿಸಲು ಸಮಯ ತೆಗೆದುಕೊಳ್ಳಿ, ಶುರು ಮಾಡಿದ ಮೇಲೆ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಪ್ರಯಾಣ ಹೊರಟರೆ ಬಟ್ಟೆಗಿಂತ ಮೊದಲು ಮಾತ್ರೆ ಚೀಲಕ್ಕೆ ಹೋಗಲಿ.

ಮಾತ್ರೆ ತೆಗೆದುಕೊಂಡರೂ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಈ ವೈರಾಣು ತನ್ನ ಡಿಎನ್‌ಎಯ ತುಣುಕುಗಳನ್ನು ನಮ್ಮ ಡಿಎನ್‌ಎಯೊಳಗೆ ಸೇರಿಸುತ್ತದೆ, ಸಿರೋಸಿಸ್ ಇಲ್ಲದೆಯೂ ಕ್ಯಾನ್ಸರ್ ಬರಬಹುದು. ತಾಯಿಯ ಹಳೆಯ ಕಾಗದಗಳು ಮನೆಯಲ್ಲಿದ್ದರೆ ಹುಡುಕಿ. ಅವುಗಳಲ್ಲಿ ಯಕೃತ್ತಿನ ಗಡ್ಡೆಯ ಉಲ್ಲೇಖವಿದ್ದರೆ ಈ ಪ್ರಶ್ನೆಗೆ ಉತ್ತರ ಖಂಡಿತ ‘ಬೇಕು’. ಮುಂದೆ ಎಂದಾದರೂ ಕೀಮೋಥೆರಪಿ, ರೋಗನಿರೋಧಕ ಶಕ್ತಿ ತಗ್ಗಿಸುವ ರಿಟುಕ್ಸಿಮ್ಯಾಬ್‌ನಂಥ ಔಷಧ, ದೀರ್ಘಕಾಲ ಸ್ಟೀರಾಯ್ಡ್ ಬೇಕಾದರೆ ಮೊದಲ ಮಾತಾಗಿ ಹೆಪಟೈಟಿಸ್ ಬಿ ಇದೆ ಎಂದು ತಿಳಿಸಿ, ಅವು ಮಲಗಿದ ವೈರಾಣುವನ್ನು ಎಬ್ಬಿಸುತ್ತವೆ. ಮದ್ಯ ಬೇಡವೇ ಬೇಡ. ತೂಕ ಇಳಿಸಿ. ಬೇರೆ ಪಥ್ಯವೇನೂ ಇಲ್ಲ.

ಹೆಂಡತಿಗೆ ಮೂರು ಪರೀಕ್ಷೆ ಮಾಡಿಸಿ: ಎಚ್‌ಬಿಎಸ್‌ಎಜಿ, ಅದರ ಪ್ರತಿಕಾಯ ಮತ್ತು ಕೋರ್ ಪ್ರತಿಕಾಯ. ಮೂರೂ ನೆಗೆಟಿವ್ ಇದ್ದರೆ ಸೊನ್ನೆ, ಒಂದು, ಆರನೇ ತಿಂಗಳಿಗೆ ಲಸಿಕೆ, ಕೊನೆಯ ಡೋಸ್ ಆದ ಒಂದೆರಡು ತಿಂಗಳಿಗೆ ಪ್ರತಿಕಾಯ 10 ದಾಟಿದೆಯೇ ಎಂದು ನೋಡಿ, ಅಲ್ಲಿಯವರೆಗೆ ಕಾಂಡೋಮ್ ಬಳಸಿ. ಬೇರೆ ಕೋಣೆಗೆ ಈಗಲೂ ಕಾರಣವಿಲ್ಲ, ದಾಟಿದ ಮೇಲೆ ಕಾಂಡೋಮ್‌ಗೂ ಕಾರಣವಿಲ್ಲ. ಲಸಿಕೆ ಹಾಕಿಸಿದ ತಕ್ಷಣ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಬೇಡಿ, ಲಸಿಕೆಯಲ್ಲಿರುವುದೂ ಅದೇ ಪ್ರೋಟೀನ್ ಆದ್ದರಿಂದ ಕೆಲವು ದಿನ ಸುಮ್ಮನೆ ಪಾಸಿಟಿವ್ ತೋರಿಸಿ ಗಾಬರಿ ಹುಟ್ಟಿಸಬಹುದು. ಮಗಳಿಗೆ ಲಸಿಕೆ ಆಗಿದ್ದರೂ ಒಮ್ಮೆ ಪರೀಕ್ಷೆ ಮಾಡಿಸಿಬಿಡಿ.

ಕೊನೆಯದಾಗಿ, ಪತ್ರದಲ್ಲಿ ಅಕ್ಕನ ಬಗ್ಗೆ ಒಂದೇ ಸಾಲು ಬರೆದಿದ್ದೀರಿ, ಆರೋಗ್ಯವಾಗಿದ್ದಾಳೆ ಎಂದು. ಎಂಟು ತಿಂಗಳ ಹಿಂದಿನವರೆಗೆ ನೀವೂ ಆರೋಗ್ಯವಾಗಿಯೇ ಇದ್ದಿರಿ. ಅವರೂ ಅದೇ ತಾಯಿಯ ಮಗಳು, ಈ ಪರೀಕ್ಷೆ ಅವರಿಗೆ ಎಂದಾದರೂ ಆಗಿದೆಯೇ? ಅವರಿಗೆ ಮಕ್ಕಳಿದ್ದರೆ ಆ ಮಕ್ಕಳಿಗೆ? ಈ ಉತ್ತರ ಓದಿ ಮುಗಿಸಿದ ಮೇಲೆ ಮೊದಲ ಫೋನ್ ಅಕ್ಕನಿಗೆ ಮಾಡಿ.